ಇನ್ನೂ ಎಷ್ಟು ವರ್ಷ ಮಾಸ್ತರೇ?

ನಮ್ಮ ಯಲ್ಲಾಪುರದ ಕಡೆ ಹಾಕಿ ಆಡಿದವರನ್ನ ನಾನಂತೂ ನೋಡಿಲ್ಲ. ವಾಲಿಬಾಲ್ ಇದೆ, ಟ್ಯೂಬ್‌ಲೈಟ್ ಕಟ್ಟಿಕೊಂಡು ರಾತ್ರಿಯಿಡೀ ಆಡೋ ಕಬಡ್ಡಿ ಇದೆ, ಭತ್ತ ಕೊಯ್ದ ಗದ್ದೆಯಲ್ಲಿ ಕ್ರಿಕೆಟ್ಟಂತೂ ಇದ್ದೇ ಇದೆ. ಹಾಕಿ ಸ್ಟಿಕ್ಕು ಅಂದ್ರೆ ಸಿನಿಮಾದಲ್ಲಿ ವಿಲನ್ ಕಡೆಯವರು ಹಿಡಿದುಕೊಂಡು ಬರೋ ಸಾಮಾನು, ಅಷ್ಟೇ.

ಆದ್ರೂ ನಮ್ಮನೆ ಜಗಲಿಯಲ್ಲಿ ಮೂರು ಜನ ಹಾಕಿ ಹುಚ್ಚರಿದ್ವಿ. ಮೊದಲನೆಯವರು ದೊಡ್ಡಪ್ಪ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನ 2-1ರಲ್ಲಿ ಸೋಲಿಸಿ ನಾವು ವಿಶ್ವಕಪ್ ಗೆದ್ದಿದ್ದನ್ನ ರೇಡಿಯೋಕ್ಕೆ ಕಿವಿ ಹಚ್ಚಿ ಕೇಳಿದವರು. ಧ್ಯಾನ್‌ಚಂದ್ ಮಗ ಅಶೋಕ್ ಕುಮಾರ್ ಹೊಡೆದ ಆ ಗೋಲನ್ನ ತಾವೇ ಎದುರು ಕೂತು ನೋಡಿದವರ ಹಾಗೆ ವರ್ಣಿಸ್ತಾರೆ. ಆ ತಂಡದಲ್ಲಿ ಕೊಡಗಿನ ಬಿ. ಪಿ. ಗೋವಿಂದ ಇದ್ದರು ಅನ್ನೋದನ್ನ ಹೇಳದೆ ಅವರ ಕಥೆ ಮುಗಿಯೋದೇ ಇಲ್ಲ.

ಎರಡನೆಯವರು ಡ್ರಿಲ್ ಮಾಸ್ತರು. ಅಂಕೋಲೆ ಕಡೆಯವರು. ನಮ್ಮ ಕಡೆಯ ಶಾಲೆಯಲ್ಲಿ ಪೀಟಿ ಮಾಸ್ತರಾಗಿದ್ದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ಸಂಜೆ ನಮ್ಮ ಜಗಲಿಗೆ ಬಂದು ಕವಳ ಹಾಕಿ, ಪೇಪರಿನ ಕೊನೇ ಪುಟದಿಂದ ಓದೋಕೆ ಶುರು ಮಾಡೋದು ಅವರ ಪದ್ಧತಿ.

ಮೂರನೆಯವನು ನಾನು. ನನ್ನ ಹುಚ್ಚು ಶುರುವಾಗಿದ್ದು 1998ರ ಡಿಸೆಂಬರ್‌ನಲ್ಲಿ, ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ. ಫೈನಲ್‌ನಲ್ಲಿ ಕೊರಿಯಾ ವಿರುದ್ಧ ಟೈಬ್ರೇಕರ್. ಗೋಲು ಕಾಯ್ತಾ ಇದ್ದಿದ್ದು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. 32 ವರ್ಷದ ನಂತರ ಚಿನ್ನ! ಸರಿ, ಇನ್ನು ಹಾಕಿ ಎದ್ದು ನಿಂತಿತು ಅಂದುಕೊಂಡೆ. ಸ್ವಲ್ಪೇ ದಿನಕ್ಕೆ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರನ್ನ ತಂಡದಿಂದ ಕೈಬಿಟ್ಟರು. ಗೆದ್ದವರನ್ನ ಹೊರಗೆ ಹಾಕೋ ಈ ಲೆಕ್ಕ ನನಗೆ ಆಗ ತಿಳೀಲಿಲ್ಲ. ಈಗಲೂ ತಿಳಿದಿಲ್ಲ ಬಿಡಿ.

ಈಗ ಹೇಳಬೇಕು ಅಂದುಕೊಂಡಿದ್ದು ಒಂದು ಪಂದ್ಯ ಕಟ್ಟಿದ ಕಥೆ. ದುಡ್ಡಿನದಲ್ಲ, ವರ್ಷದ್ದು.

2008ರ ಮಾರ್ಚ್. ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತಾ ಟೂರ್ನಿ. ಫೈನಲ್‌ನಲ್ಲಿ ಬ್ರಿಟನ್ ಎದುರು 0-2. ಎಂಟು ಚಿನ್ನ ಗೆದ್ದ ದೇಶ, 1928ರಿಂದ ಒಂದು ಒಲಿಂಪಿಕ್ಸನ್ನೂ ಬಿಡದ ದೇಶ, ಈ ಸಲ ಮನೆಯಲ್ಲೇ ಕೂರಬೇಕಾಯ್ತು. ಸುದ್ದಿ ಬಂದಾಗ ನಾನು ರಜೆ ಹಾಕಿ ಊರಲ್ಲೇ ಇದ್ದೆ. ಸಂಜೆ ಜಗಲಿಯಲ್ಲಿ ಸಾವಿನ ಮನೆಯ ಹಾಗೆ ಕೂತಿದ್ವಿ.

"ಮುಗತ್ತು ತಮಾ, ಇನ್ನು ಇದ್ರ ಸುದ್ದಿ ಬ್ಯಾಡ" ಅಂದ್ರು ದೊಡ್ಡಪ್ಪ.

ಮಾಸ್ತರು ಒಪ್ಪಲಿಲ್ಲ. "ನಾಕು ವರ್ಷ ಕೊಡಿ ಭಟ್ರೇ. ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಸರಿಯಾಗ್ತದೆ."

ನಾನು ಓದಿದವನು, ಲೆಕ್ಕ ಹಾಕಿಯೇ ಮಾತಾಡೋನು! "ನಾಲ್ಕು ಸಾಲೋದಿಲ್ಲ ಮಾಸ್ತರೇ, ಎಂಟು ಬೇಕು. ಜೂನಿಯರ್ ಮಟ್ಟದಿಂದ ಹೊಸ ಹುಡುಗರನ್ನ ತಯಾರು ಮಾಡಬೇಕು" ಅಂದೆ. ದೊಡ್ಡಪ್ಪ ನಕ್ಕರು. 2001ರಲ್ಲೇ ಜೂನಿಯರ್ ವಿಶ್ವಕಪ್ ಗೆದ್ದಿರಲಿಲ್ವಾ, ಫೈನಲ್‌ನಲ್ಲಿ ಅರ್ಜೆಂಟೀನಾವನ್ನ 6-1ರಲ್ಲಿ ಹೊಡೆದು? ಗಗನ್ ಅಜಿತ್ ಸಿಂಗ್, ದೀಪಕ್ ಠಾಕೂರ್.. ಅಂಥಾ ಹುಡುಗರು. ಅವರನ್ನ ಗೆಲ್ಲಿಸಿದ ಕೋಚ್ ರಾಜಿಂದರ್ ಸಿಂಗ್ ಅವರನ್ನೇ 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್ ಇನ್ನೇನು ಬಂತು ಅನ್ನುವಾಗ ಬದಲಾಯಿಸಿದರು. ಬಂದಿದ್ದು ಏಳನೇ ಸ್ಥಾನ. "ಹುಡುಗ್ರು ಇದ್ದಿದ್ವಲೋ. ಮತ್ತೆಂತಕ್ಕೆ ಆಗಲ್ಲೆ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಹೀಗೆ ಮೂರು ಲೆಕ್ಕ: ಯಾವತ್ತೂ ಇಲ್ಲ, ನಾಲ್ಕು, ಎಂಟು.

2012 ಬಂತು. ಲಂಡನ್‌ನಲ್ಲಿ ಹನ್ನೆರಡು ತಂಡ, ನಮ್ಮದು ಹನ್ನೆರಡನೇ ಸ್ಥಾನ. ಆಡಿದ ಆರಕ್ಕೆ ಆರೂ ಸೋಲು. ಆ ತಂಡದಲ್ಲಿ ಕೊಡಗಿನವರೇ ಮೂರು ಜನ: ರಘುನಾಥ್, ಎಸ್. ವಿ. ಸುನಿಲ್, ಉತ್ತಪ್ಪ. ಸುನಿಲ್ ಬಲಗಡೆಯಿಂದ ಚೆಂಡು ತಗೊಂಡು ಓಡಿದ್ರೆ ಮಾಸ್ತರಿಗೆ ಕುರ್ಚಿಯಲ್ಲಿ ಕೂರೋಕೆ ಆಗ್ತಿರಲಿಲ್ಲ. "ಓಡ್ತಾನೆ ಮಾರಾಯಾ, ಆದ್ರೆ ಕೊನೆಗೆ ಚೆಂಡು ಕೊಡ್ಲಿಕ್ಕೆ ಅಲ್ಲಿ ಯಾರೂ ಇರೂದಿಲ್ಲ" ಅಂತಿದ್ರು. ಲಂಡನ್ ಮುಗಿದ ಮೇಲೆ ಫೋನ್ ಮಾಡಿದ್ದೆ. ಅವರು ಹಾಕಿ ಮಾತೇ ತೆಗೀಲಿಲ್ಲ. ಮಳೆ ಹೆಂಗೆ, ಬೆಂಗಳೂರಲ್ಲಿ ಅಕ್ಕಿ ರೇಟೆಷ್ಟು ಅಂತ ಕೇಳಿ ಇಟ್ಟುಬಿಟ್ರು.

ಅಲ್ಲಿಂದ ಮುಂದೆ ಕೋಚ್‌ಗಳ ಮೆರವಣಿಗೆ. 2009ರಲ್ಲಿ ಸ್ಪೇನ್‌ನ ಹೋಸೆ ಬ್ರಾಸಾ ಬಂದಿದ್ರು, 2010ರಲ್ಲಿ ಹೋದ್ರು. 2011ರಲ್ಲಿ ಆಸ್ಟ್ರೇಲಿಯಾದ ಮೈಕಲ್ ನಾಬ್ಸ್ ಬಂದ್ರು, 2013ರಲ್ಲಿ ಹೋದ್ರು. ಆಮೇಲೆ ಬಂದ ಟೆರ್ರಿ ವಾಲ್ಶ್ 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆಲ್ಲಿಸಿದ್ರು, ಅದೇ ವರ್ಷ ಜಗಳವಾಗಿ ಅವರೂ ಹೋದ್ರು. ಪಾಲ್ ವ್ಯಾನ್ ಆಸ್ 2015ರಲ್ಲಿ ಬಂದು ಅದೇ 2015ರಲ್ಲಿ ಹೋದ್ರು. ಆಮೇಲೆ ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್, 2019ರಲ್ಲಿ ಗ್ರಹಾಂ ರೀಡ್. ಹತ್ತು ವರ್ಷದಲ್ಲಿ ಎಂಟು ಹೆಸರು! ಒಬ್ಬರು ಹಿಂದಿನಿಂದ ಕಟ್ಟಿಕೊಂಡು ಹೋಗೋ ಆಟ ಅಂದ್ರೆ, ಇನ್ನೊಬ್ಬರು ಮುನ್ನುಗ್ಗೋ ಆಟ ಅನ್ನೋರು. ಆಡೋ ಹುಡುಗರ ಕಥೆ ಏನಾಗಬೇಕು ಹೇಳಿ.

ವಾಲ್ಶ್ ಹೋದ ಸುದ್ದಿ ಓದಿ ದೊಡ್ಡಪ್ಪ ಪೇಪರ್ ಮಡಚಿಟ್ಟು ಒಂದೇ ಮಾತು ಅಂದಿದ್ರು. "ತಮಾ, ಸಸಿ ನೆಟ್ಟು, ಬೇರು ಬಯಿಂದಾ ಹೇಳಿ ವರ್ಷಕ್ಕೊಂದ್ಸಲ ಕಿತ್ತು ನೋಡಿದ್ರೆ ಅದು ಬದುಕ್ತಿಲ್ಲೆ."

ತೋಟದವರ ಮಾತು ನೋಡಿ, ನಾನು ವಾದ ಮಾಡೋ ಹಾಗಿರಲಿಲ್ಲ. ಆದ್ರೆ ಆ ಮಾತಿನಿಂದ ನನ್ನ ಲೆಕ್ಕದಲ್ಲಿ ತಪ್ಪೆಲ್ಲಿದೆ ಅಂತ ಗೊತ್ತಾಯ್ತು. ನಾನು ಎಂಟು ವರ್ಷವನ್ನ ಎಣಿಸಿದ್ದು ಸೋತ ದಿನದಿಂದ. ಎಣಿಸಬೇಕಾಗಿದ್ದು ನೆಟ್ಟ ದಿನದಿಂದ. ಪ್ರತಿ ಸಲ ಕಿತ್ತಾಗಲೂ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತೆ.

2016ರ ರಿಯೋಗೆ ನನ್ನ ಎಂಟು ವರ್ಷವೂ ತುಂಬಿತು. ಎಂಟನೇ ಸ್ಥಾನ. ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮನ್ನ 3-1ರಲ್ಲಿ ಸೋಲಿಸಿದ್ದು ಬೆಲ್ಜಿಯಂ. ನಾವು ಒಲಿಂಪಿಕ್ಸ್‌ಗೆ ಹೋಗಲಾರದ 2008ರಲ್ಲಿ ಈ ಬೆಲ್ಜಿಯಂ ಎಷ್ಟೋ ವರ್ಷದ ಮೇಲೆ ಒಲಿಂಪಿಕ್ಸ್‌ಗೆ ಬಂದಿತ್ತು, ಬಂದಿದ್ದು ಒಂಬತ್ತನೇ ಸ್ಥಾನ. 2012ರಲ್ಲಿ ಐದು, 2016ರಲ್ಲಿ ಬೆಳ್ಳಿ, 2018ರಲ್ಲಿ ವಿಶ್ವಕಪ್, ಟೋಕಿಯೋದಲ್ಲಿ ಚಿನ್ನ. ನಮ್ಮ ಕರ್ನಾಟಕದ ಐದನೇ ಒಂದು ಪಾಲಿನಷ್ಟೂ ಜನ ಇಲ್ಲದ ದೇಶ ಅದು!

ಆ ವರ್ಷ ಚೌತಿಗೆ ಊರಿಗೆ ಹೋದಾಗ ಮಾಸ್ತರನ್ನ ಕೆಣಕಬೇಕು ಅನ್ನಿಸ್ತು. "ನಾಲ್ಕು ವರ್ಷ ಅಂದಿದ್ರಲ್ಲ, ಯಾವ ಲೆಕ್ಕದಲ್ಲಿ ಮಾಸ್ತರೇ?" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆಯೇ ಕಥೆ ಶುರು ಮಾಡಿದ್ರು.

ನಮ್ಮ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ ಅನ್ನೋದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು. ಎಂಬತ್ತರ ದಶಕದಲ್ಲಿ, ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯ ಸಚಿವೆಯಾಗಿದ್ದಾಗ, ಈ ಮಕ್ಕಳನ್ನ ತರಬೇತಿ ಮಾಡಿದ್ರೆ ದೇಶಕ್ಕೆ ಒಲಿಂಪಿಕ್ಸ್ ಪದಕ ತರಬಹುದು ಅನ್ನೋ ಯೋಚನೆ ಹುಟ್ಟಿತು. 1987ರಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ಹಾಸ್ಟೆಲ್‌ಗೆ ಕರೆದುಕೊಂಡು ಹೋಗಿ ತರಬೇತಿ ಶುರು ಮಾಡ್ತು. ಕೆಲವರು ರಾಷ್ಟ್ರೀಯ ಮಟ್ಟದಲ್ಲಿ ಪದಕವನ್ನೂ ಗೆದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯ್ತು. ಓಡ್ತಾ ಇದ್ದ ಮಕ್ಕಳು ಊರಿಗೆ ವಾಪಸ್.

"ನಮ್ಮ ಶಾಲೆಲೂ ಒಬ್ಬ ಇದ್ದ" ಅಂದ್ರು ಮಾಸ್ತರು. "ಆರನೇತ್ತೆ ಹುಡುಗ. ಬರಿಗಾಲಲ್ಲಿ ಓಡಿದ್ರೆ ನಾನು ಸೈಕಲ್ ಮೇಲೆ ಹೋಗಿ ಹಿಡೀಬೇಕಿತ್ತು. ಇನ್ನೊಂದ್ಸಲ ಆಯ್ಕೆ ಮಾಡ್ಲಿಕ್ಕೆ ಬಂದೇ ಬರ್ತಾರೆ ಅಂತ ನಾನೇ ಅಂದ್ಕೊಂಡೆ. ನಂಗೆ ಯಾರೂ ಹೇಳಿದ್ದಲ್ಲ ಮತ್ತೆ. ದಿನಾ ಬೆಳಿಗ್ಗೆ ಶಾಲೆ ಶುರುವಾಗೂಕಿಂತ ಮೊದ್ಲು ಓಡಿಸ್ದೆ. ಎರಡು ವರ್ಷ. 'ಇನ್ನೂ ಎಷ್ಟು ವರ್ಷ ಮಾಸ್ತರೇ?' ಅಂತ ಕೇಳ್ತಿದ್ದ. 'ಇನ್ನೇನು, ಬರ್ತಾರೆ' ಅಂತಿದ್ದೆ. ಯಾರೂ ಬರ್ಲಿಲ್ಲ. ಒಂದಿನ ಅವ್ನೂ ಬರೂದು ಬಿಟ್ಟ."

"ಈಗ?"

"ಪೇಟೆಲಿ ಸಿಗ್ತಾನೆ. ಮಾತಾಡ್ಸ್ತಾನೆ. ಮಗ್ಳ ಮದುವೆಗೂ ಕರ್ದಿದ್ದ. ಓಟದ ಮಾತು ಅವ್ನೂ ತೆಗೆಯೂದಿಲ್ಲ, ನಾನೂ ತೆಗೆಯೂದಿಲ್ಲ."

ಆಮೇಲೆ ಕವಳ ಉಗುಳಿ ಬಂದು ಕೂತು ಹೇಳಿದ್ರು. "ತಂಡಕ್ಕೆ ನಾಕು ವರ್ಷ ಸಾಕು ಅಂತ ನಾನು ಹೇಳಿದ್ದಲ್ಲ ಮಾರಾಯಾ. ಜನ ನಾಕು ವರ್ಷಕ್ಕಿಂತ ಹೆಚ್ಚು ಕಾಯೂದಿಲ್ಲ. ಅದಕ್ಕೇ ನಾಕು ಅಂದೆ."

ನನ್ನ ಬಾಯಿ ಕಟ್ಟಿಹೋಯ್ತು. ಎಂಟು ವರ್ಷದಿಂದ ಮೂರು ಜನ ಒಂದೇ ಪ್ರಶ್ನೆಗೆ ಉತ್ತರ ಹೇಳ್ತಿದೀವಿ ಅಂದುಕೊಂಡಿದ್ದೆ. ನಾನು ಹೇಳ್ತಾ ಇದ್ದಿದ್ದು ತಂಡಕ್ಕೆ ಎಷ್ಟು ವರ್ಷ ಬೇಕು ಅಂತ. ಅವರು ಹೇಳ್ತಾ ಇದ್ದಿದ್ದು ನಮ್ಮಂಥವರ ತಾಳ್ಮೆ ಎಷ್ಟು ವರ್ಷದ್ದು ಅಂತ. ಟೀವಿ ಮುಂದೆ ಕೂತು "ಈ ಕೋಚನ್ನ ತೆಗೀಬೇಕು" ಅಂತ ಪ್ರತಿ ಸಲ ಕೂಗಿದವರಲ್ಲಿ ನಾನೂ ಒಬ್ಬ. ನಾಬ್ಸ್ ಹೋದಾಗ ಖುಷಿಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಅದೇ 2016ರ ಡಿಸೆಂಬರ್‌ನಲ್ಲಿ ಲಕ್ನೋದಲ್ಲಿ ನಮ್ಮ ಹುಡುಗರು ಮತ್ತೆ ಜೂನಿಯರ್ ವಿಶ್ವಕಪ್ ಗೆದ್ದರು, ಅದೂ ಬೆಲ್ಜಿಯಂ ವಿರುದ್ಧ, 2-1. ಗೋಲು ಹೊಡೆದವರು ಗುರ್ಜಂತ್ ಮತ್ತು ಸಿಮ್ರನ್‌ಜೀತ್. ನಾನು ಈ ಸಲ ಯಾವ ಲೆಕ್ಕವನ್ನೂ ಹೇಳಲಿಲ್ಲ.

2021ರ ಜುಲೈ ನಮ್ಮ ತಾಲೂಕಿನವರು ಮರೆಯೋ ತಿಂಗಳಲ್ಲ. ಆ ಮಳೆಗೆ ಕಳಚೆಯಲ್ಲಿ ಗುಡ್ಡವೇ ಕುಸಿದು ಬಂತು. ಅಜ್ಜನ ಕಾಲದ ತೋಟಗಳು ಮಣ್ಣಿನ ಜೊತೆ ಜಾರಿ ಹೋದವು. ಅದೇ ಹೊತ್ತಿಗೆ ಟೋಕಿಯೋ ಒಲಿಂಪಿಕ್ಸ್. ಆಸ್ಟ್ರೇಲಿಯಾ ಎದುರು ನಾವು 1-7ರಲ್ಲಿ ಸೋತ ದಿನ ಊರಿಗೆ ಫೋನ್ ಮಾಡಿದ್ರೆ ಯಾರಿಗೆ ಬೇಕಾಗಿತ್ತು ಹಾಕಿ? ದೊಡ್ಡಪ್ಪ ಕಳಚೆಯ ನೆಂಟರ ಸುದ್ದಿಯನ್ನೇ ಹೇಳಿದ್ರು. ತೋಟ ಹೋದವರು ಏನಂತಾರೆ ಅಂತ ಕೇಳಿದೆ. "ಎಂತ ಹೇಳ್ತ? ಮಣ್ಣು ನಿಂತ್ರೆ ಮತ್ತೆ ಸಸಿ ಹಾಕೂದು" ಅಂದ್ರು. ಅಡಿಕೆ ಸಸಿ ಫಲಕ್ಕೆ ಬರೋಕೆ ಐದಾರು ವರ್ಷ, ಪೂರ್ತಿ ಫಸಲಿಗೆ ಹತ್ತು ದಾಟಬೇಕು. ನಮ್ಮ ಕಡೆ ಅದು ಎಲ್ಲರಿಗೂ ಗೊತ್ತಿದ್ದ ಲೆಕ್ಕ, ಅದಕ್ಕೆ ಯಾರೂ ಪಂದ್ಯ ಕಟ್ಟೋದಿಲ್ಲ.

1-7 ಆದ ಮೇಲೆ ರೀಡ್‌ರನ್ನ ಯಾರೂ ಕೀಳಲಿಲ್ಲ. ಆಗಸ್ಟ್ 5ರ ಬೆಳಿಗ್ಗೆ ಕಂಚಿನ ಪದಕಕ್ಕೆ ಜರ್ಮನಿ ಜೊತೆ ಆಟ. 1-3ರಲ್ಲಿ ಹಿಂದಿದ್ದವರು 5-4ಕ್ಕೆ ಬಂದರು. ಕೊನೇ ಕ್ಷಣದಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಶ್ರೀಜೇಶ್ ತಡೆದರು. ಐದರಲ್ಲಿ ಎರಡು ಗೋಲು ಲಕ್ನೋದ ಅದೇ ಸಿಮ್ರನ್‌ಜೀತ್‌ನದು. ಹರ್ಮನ್‌ಪ್ರೀತ್, ಸುಮಿತ್, ನೀಲಕಂಠ, ಗುರ್ಜಂತ್.. ಇವರೆಲ್ಲ ಆ ಜೂನಿಯರ್ ತಂಡದವರೇ. 1980ರ ಮಾಸ್ಕೋ ಚಿನ್ನದ ನಂತರ, 41 ವರ್ಷಕ್ಕೆ ಪದಕ. 2024ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು ಬಂತು ಅನ್ನೋದು ನಿಮಗೂ ಗೊತ್ತು.

ಆವತ್ತು ಬೆಳಿಗ್ಗೆ ನಾನು ಬೆಂಗಳೂರಿನ ಮನೆಯಲ್ಲಿ ಒಬ್ಬನೇ ಕೂಗಿ, ಗಂಟಲು ಕಟ್ಟಿಸಿಕೊಂಡು ಊರಿಗೆ ಫೋನ್ ಹಚ್ಚಿದೆ. ದೊಡ್ಡಪ್ಪ ಎತ್ತಿದವರೇ, "ಮೂರನೇ ನಂಬರ್ ಬಂದಿದ್ದಕ್ಕೆ ಇಷ್ಟು ಕೂಗೂದನಾ? ಯಂಗಳ ಕಾಲದಲ್ಲಿ ಬೆಳ್ಳಿ ಬಂದ್ರೂ ಬೈತಿದ್ದ" ಅಂದ್ರು. ಹಾಗಂದವರು ಬೆಳಗಿನ ದೋಸೆಯನ್ನೂ ಬಿಟ್ಟು ಪೂರ್ತಿ ಆಟ ನೋಡಿದ್ರು ಅಂತ ದೊಡ್ಡಮ್ಮ ಹಿಂದಿನಿಂದ ಕೂಗಿ ಹೇಳಿದ್ರು.

ಮಾಸ್ತರೂ ಅಲ್ಲೇ ಇದ್ರು. ಫೋನ್ ತಗೊಂಡ್ರು. ಪದಕದ ಬಗ್ಗೆ ಏನೂ ಹೇಳಲಿಲ್ಲ.

"ಸುನಿಲ್ ಕಾಣ್ಲೇ ಇಲ್ಲಲ್ಲ ಮಾರಾಯಾ. ರಘುನಾಥನೂ ಇಲ್ಲ."

"ಇಲ್ಲ ಮಾಸ್ತರೇ. ರಘುನಾಥ್ ಆಗಲೇ ಆಟ ಬಿಟ್ಟಾಗಿದೆ. ಸುನಿಲ್‌ಗೆ ಈ ತಂಡದಲ್ಲಿ ಜಾಗ ಸಿಗ್ಲಿಲ್ಲ. ಕರ್ನಾಟಕದವರು ಈ ಸಲ ಒಬ್ಬರೂ ಇಲ್ಲ."

"ಲಂಡನ್‌ನಲ್ಲಿ ಕೊನೇ ಸ್ಥಾನ ಬಂತಲ್ಲ, ಆ ತಂಡದವ್ರು ಎಷ್ಟು ಜನ ಉಳ್ದಿದಾರೆ ಇದ್ರಲ್ಲಿ?"

ಮನಸ್ಸಲ್ಲೇ ಎಣಿಸಿದೆ. ಶ್ರೀಜೇಶ್, ಮನ್‌ಪ್ರೀತ್, ಬೀರೇಂದ್ರ ಲಾಕ್ರಾ.

"ಮೂರು ಜನ ಮಾಸ್ತರೇ."

ಆ ಕಡೆ ಮಳೆ ಹೆಂಚಿನ ಮೇಲೆ ಬೀಳೋ ಸದ್ದು ಕೇಳಿಸ್ತಿತ್ತು. ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

"ಮೂರು ಜನ ಉಳ್ಕೊಂಡ್ರಾ?" ಅಂದ್ರು. "ಅಡ್ಡಿಲ್ಲ."