ಸತ್ಯಭಾಮೆ ಸೀಯಿಸಿದ ಬೆಲ್ಲ

ಬೆಲ್ಲ ಸೀದ ವಾಸನೆ ಬಂದರೆ ನನಗೆ ಇವತ್ತಿಗೂ ನೆನಪಾಗುವುದು ಸತ್ಯಭಾಮೆ. ಆ ಸತ್ಯಭಾಮೆಗೆ ಆಗಲೇ ಅರವತ್ತು ದಾಟಿತ್ತು. ಹುರಿ ಮಾಡಿದ ಬಿಳಿ ಮೀಸೆ, ಹೆಗಲ ಮೇಲೊಂದು ಕರಿ ಕಂಬಳಿ, ಕಿವಿಯ ಸಂದಿಯಲ್ಲೊಂದು ಬೀಡಿ.

1976ರ ಡಿಸೆಂಬರ್. ನಾನು ಆರನೇ ಇಯತ್ತೆಯಲ್ಲಿದ್ದೆ. ಕೃಷ್ಣಾ ದಂಡೆಯ ನಮ್ಮೂರು ಆಗ ಅಥಣಿ ತಾಲೂಕು, ಈಗ ಕಾಗವಾಡ ತಾಲೂಕು. ಊರ ಕಬ್ಬೆಲ್ಲ ಉಗಾರದ ಸಕ್ಕರೆ ಫ್ಯಾಕ್ಟರಿಗೆ ಹೋಗುತ್ತಿತ್ತು. ನಮ್ಮ ಕಾಕಾ ಮಾತ್ರ ಎರಡು ಎಕರೆ ಕಬ್ಬು ಹಿಡಿದಿಟ್ಟುಕೊಂಡು ವರ್ಷಾ ಗಾಣ ಹೂಡುತ್ತಿದ್ದ. ಲಾಭದ ಮಾತು ತೆಗೆದರೆ ಕಾಕು ನಗುತ್ತಿದ್ದಳು. "ಬೆಲ್ಲ ನೆವಾ ಐತಿ. ಇವ್ರಿಗೆ ಬೇಕಾಗಿದ್ದು ಒಲಿ ಮುಂದಿನ ಹರಟಿ" ಅನ್ನುತ್ತಿದ್ದಳು. ಅದು ನಿಜ. ಗಾಣ ಶುರುವಾಯಿತು ಎಂಬ ಸುದ್ದಿ ಹೋದರೆ ಸಾಕು, ಕಾಕಾನ ಗೆಳೆಯರು ಸುತ್ತಲಿನ ಊರುಗಳಿಂದ ಕಂಬಳಿ ಹೊದ್ದುಕೊಂಡು ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಆದರೆ ಎಲ್ಲ ಹುಚ್ಚೂ ಬಣ್ಣದ್ದೇ.

ತಾತ್ಯಾ ಬರುತ್ತಿದ್ದುದು ಚಿಕ್ಕೋಡಿ ಕಡೆಯಿಂದ. ಅವರಿಗೆ ಬಾಲಗಂಧರ್ವ ದೇವರು. ನಿಪ್ಪಾಣಿಯ ಆಪರೇಟರ್ ಮಾಮಾ ಹದಿನೈದು ವರ್ಷ ಟೂರಿಂಗ್ ಟಾಕೀಸಿನಲ್ಲಿ ಮಷಿನ್ ಹೊಡೆದು, ಕಡೆಗೆ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯಲು ಕುಳಿತವ. ಅಥಣಿಯ ಮಾಸ್ತರರಿಗೆ ನಾಟಕ, ಸಿನಿಮಾ ಎಲ್ಲದರ ಇಸವಿ ಬಾಯಿಪಾಠ. ಇನ್ನು ರಾಯಬಾಗ ಕಡೆಯ ಭಾಮಾ ಕಾಕಾ. ಅವರ ನಿಜವಾದ ಹೆಸರು ಏನೆಂದು ಅವರ ಮೊಮ್ಮಕ್ಕಳೂ ಒಂದು ಗಳಿಗೆ ಯೋಚನೆ ಮಾಡಿ ಹೇಳಬೇಕಿತ್ತು. ಹರೆಯದಲ್ಲಿ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಸತ್ಯಭಾಮೆಯಾಗಿ ಕುಣಿದವರು, ಊರ ಬಾಯಲ್ಲಿ ಭಾಮಾ ಆಗಿಯೇ ಉಳಿದರು.

ಆ ರಾತ್ರಿ ಚಳಿ ವಿಪರೀತ. ಎರಡನೇ ಕೊಪ್ಪರಿಗೆ ಒಲೆಯ ಮೇಲಿತ್ತು. ಬೆಂಡೆ ಗಿಡದ ಲೋಳೆ ಹಾಕಿ ಮೇಲಿನ ಕೊಳೆ ತೆಗೆದಾಗಿತ್ತು. ರಸ ಕೆಂಪಾಗುತ್ತ ಕುದಿಯುತ್ತಿತ್ತು. ಹಿಂಡಿದ ಕಬ್ಬಿನ ಒಣ ಸಿಪ್ಪೆಯನ್ನು ಆಳು ಒಲೆಯ ಬಾಯಿಗೆ ನೂಕಿದಾಗಲೆಲ್ಲ ಎಲ್ಲರ ಮುಖ ಒಮ್ಮೆ ಬೆಳಗಿ ಮತ್ತೆ ಕತ್ತಲಾಗುತ್ತಿತ್ತು. ಹದ ನೋಡುವ ಮುದುಕ ಊಟಕ್ಕೆ ಏಳುವಾಗ ನನ್ನನ್ನು ಕೊಪ್ಪರಿಗೆಯ ಬದಿಗೆ ಕೂರಿಸಿದ. "ನೊರಿ ದೊಡ್ಡದು ಇರೂತನಕ ಚಿಂತಿಲ್ಲ. ಸಣ್ಣಾಗಿ, ಪುಸ್ ಪುಸ್ ಅಂತ ಒಡ್ಯಾಕ ಹತ್ತಿದ ಕೂಡ್ಲೆ ಒದರು. ಕಣ್ಣು ಕೀಳಬ್ಯಾಡ ತಮ್ಮಾ."

ನಾನು ಕಣ್ಣು ಕೀಳಲಿಲ್ಲ. ಕಿವಿ ಮಾತ್ರ ಆ ಕಡೆಗಿತ್ತು.

ಜಗಳ ಶುರುವಾದದ್ದು ತಾತ್ಯಾನ ಚಪ್ಪಲಿಯಿಂದ. ಹೊಸ ಚಪ್ಪಲಿ, ಕರ್ರ್ ಕರ್ರ್ ಅನ್ನುತ್ತಿತ್ತು. "ಕೊಲ್ಲಾಪುರಿ, ಖಾಸಾ" ಅಂದರು ತಾತ್ಯಾ. ಅಥಣಿಯ ಮಾಸ್ತರರು ಸುಮ್ಮನೆ ಬಿಡುವವರಲ್ಲ. "ಹೊಲದದ್ದು ನಮ್ಮ ಅಥಣ್ಯಾಗ, ಹೆಸರು ಮಾತ್ರ ಕೊಲ್ಲಾಪುರದ್ದು" ಅಂದರು. ಅಷ್ಟಕ್ಕೇ ನಿಲ್ಲಿಸದೆ, ನಾಟಕದ್ದೂ ಅದೇ ಕಥೆ ಎಂದು ಎಳೆದರು. ಮರಾಠಿ ರಂಗಭೂಮಿಯ ಹುಟ್ಟುಹಬ್ಬ ನವೆಂಬರ್ 5. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಸಾಂಗಲಿಯೆಂದರೆ ನಮಗೆ ಪರದೇಶವಲ್ಲ; ಉಗಾರದಲ್ಲಿ ರೈಲು ಹತ್ತಿ ಮಿರಜದಲ್ಲಿ ಇಳಿದರೆ ಆಚೆ ಮಗ್ಗುಲು. ಆದರೆ ಭಾವೆಗೆ ನಾಟಕದ ಹುಚ್ಚು ಹಿಡಿಸಿದ್ದು ಅದರ ಹಿಂದಿನ ವರ್ಷ ಸಾಂಗಲಿಗೆ ಬಂದಿದ್ದ ಭಾಗವತರ ಮೇಳ. ಉತ್ತರ ಕನ್ನಡದ ಕರ್ಕಿಯವರು, ಯಕ್ಷಗಾನದವರು. ಅದೇ 1843ರಲ್ಲೇ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಕಟ್ಟಿದವರು ಅವರೇ.

"ಆತು ಬಿಡ್ರಿ ಮಾಸ್ತರ, ಬೀಜ ನಿಮ್ಮದು" ಅಂದರು ತಾತ್ಯಾ. "ಹೂವು ಅರಳಿದ್ದು ಎಲ್ಲಿ? ಬಾಲಗಂಧರ್ವ ಯಾರು? ಸಾಂಗಲಿ ಜಿಲ್ಲೆಯ ನಾಗಠಾಣೆಯವರು."

ಆ ಹೆಸರು ಬಂತೆಂದರೆ ತಾತ್ಯಾನ ದನಿಯೇ ಬೇರೆಯಾಗುತ್ತಿತ್ತು. ಇಪ್ಪತ್ತು ತುಂಬುವ ಮೊದಲೇ ಮಿರಜಕ್ಕೆ ಹೋಗಿ 'ಏಕಚ ಪ್ಯಾಲಾ' ನೋಡಿದ್ದರಂತೆ. ಕುಡುಕನ ಹೆಂಡತಿ ಸಿಂಧುವಾಗಿ ಬಾಲಗಂಧರ್ವ ಬೀಸುಕಲ್ಲಿನ ಮುಂದೆ ಕುಳಿತಾಗ ಸುತ್ತಲಿನ ಹೆಂಗಸರು ತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ತಾತ್ಯಾ ತಮ್ಮ ಟವೆಲಿನ ಚುಂಗಿನಿಂದ ತೋರಿಸಿದರು. ಮಾತು ಮುಗಿದ ಮೇಲೂ ಆ ಚುಂಗು ಕಣ್ಣಿನ ಹತ್ತಿರವೇ ಇತ್ತು. "ಗಂಡಸು ಅಂತ ನಂಬಾಕ ಆಗ್ತಿದ್ದಿಲ್ಲ. 1935ರಾಗ ಪ್ರಭಾತದವ್ರು 'ಧರ್ಮಾತ್ಮಾ' ಸಿನಿಮಾ ತೆಗೆದು ಅವರನ್ನ ಸಂತ ಏಕನಾಥ ಮಾಡಿದ್ರಲ್ಲ, ಗಡ್ಡ ಮೀಸಿ ಹಚ್ಚಿ? ನನಗ ಅದು ಯಾರೋ ಬ್ಯಾರೆ ಮನಷ್ಯಾ ಅನಿಸ್ತು. ಎದ್ದು ಬಂದ್ಬಿಟ್ಟೆ."

ಮುಂದೆ ಬಾಲಗಂಧರ್ವರ ನಾಟಕ ಕಂಪನಿಗೆ ಗೋಹರಬಾಯಿ ಬಂದದ್ದನ್ನು ಹೇಳುವಾಗ ಅವರಿಗೆ ಇನ್ನೂ ಸಿಟ್ಟು. ಹೆಂಗಸು ಬಂದಳು, ಕಂಪನಿಯ ಕಳೆ ಹೋಯಿತು ಎಂಬುದು ಅವರ ತಕರಾರು. ಅಲ್ಲಿಯತನಕ ಸುಮ್ಮನೆ ಕುಳಿತಿದ್ದ ಭಾಮಾ ಕಾಕಾ ಬೀಡಿ ಕೈಗೆ ತೆಗೆದುಕೊಂಡರು.

"ತಾತ್ಯಾ, ಆಕಿ ನಮ್ಮ ಬೀಳಗಿಯಾಕಿ. ಹಾಡಾಕಿ ಅಮೀರಬಾಯಿಯ ಒಡಹುಟ್ಟಿದಾಕಿ. ಆಕಿಗೇನರ ಅಂದ್ರ ಸರಿ ಇರಂಗಿಲ್ಲ."

"ನೀನೂ ಹೆಣ್ಣಿನ ಪಾಲ್ಟು ಮಾಡಿದಾಂವ. ನಿನಗ ಹೊಟ್ಟಿಕಿಚ್ಚು ಆಗಿದ್ದಿಲ್ಲೇನು?"

ಭಾಮಾ ಕಾಕಾ ಬೀಡಿ ಹಚ್ಚಿದರು. ಹೊಗೆ ಬಿಟ್ಟರು. "ಆಗಿತ್ತು. ಕೌಜಲಗಿ ನಿಂಗಮ್ಮನ ಪಾರಿಜಾತದ ಆಟ ನೋಡಾಕ ಗೋಕಾಕ ಕಡೆ ನಡಕೋತ ಹೋಗಿದ್ದೆ. ಬೆಳ್ಳಬೆಳತನಕ ನೋಡಿದೆ. ನಾ ಹನ್ನೆರಡು ವರ್ಷ ಕಲ್ತಿದ್ದು ಆಕಿಗೆ ಹುಟ್ಟಿದಾಗಿಂದ ಬಂದಿತ್ತು. ಮನಿಗೆ ಬಂದು ಮರುದಿನದಿಂದ ಮೀಸಿ ಬಿಟ್ಟೆ." ಮೀಸೆಯನ್ನು ಎರಡೂ ಕಡೆ ತಿರುವಿ ತೋರಿಸಿದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಆ ಮೌನ ಮುರಿಯಲೆಂದೋ ಏನೋ ಆಪರೇಟರ್ ಮಾಮಾ ತನ್ನ ಹಳೆಯ ಸುದ್ದಿ ತೆಗೆದ. ಕನ್ನಡದ ಮೊದಲ ಟಾಕಿ ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಬೆಂಗಳೂರಿನಲ್ಲಲ್ಲ, ಮದರಾಸಿನಲ್ಲೂ ಅಲ್ಲ. ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿಪ್ಪಾಣಿಯಿಂದ ಹತ್ತು ಹರದಾರಿ. ಹನ್ನೆರಡು ವರ್ಷದ ಮಾಮಾ ಅಪ್ಪನ ಜೊತೆ ತಂಬಾಕಿನ ಗಾಡಿಯಲ್ಲಿ ಕೊಲ್ಲಾಪುರಕ್ಕೆ ಹೋದಾಗ, ಸ್ಟುಡಿಯೋದ ಗೇಟಿನ ಹೊರಗೆ ಒಬ್ಬ ರಾಕ್ಷಸ ಬಸಿಯಲ್ಲಿ ಚಾ ಸುರುವಿಕೊಂಡು ಕುಡಿಯುತ್ತಿದ್ದನಂತೆ. ಕಿರೀಟ ತೊಡೆಯ ಮೇಲೆ.

"ಹ್ವಾದ ವರ್ಷ ಇಂದ್ರಜಿತು ಅಂದಿದ್ದಿ" ಅಂದರು ಮಾಸ್ತರರು.

"ರಾಕ್ಷಸರ ಕಡ್ಯಾಂವ ಅಂತೂ ಖರೆ. ಕೇಳ್ರಿ. ನನ್ನ ನೋಡಿ 'ಕುಡಿಯೋಕೆ ನೀರು ಇದೆಯೇನಪ್ಪಾ' ಅಂದ. 'ಐತೇನು' ಅನ್ನಲಿಲ್ಲ, 'ಇದೆಯೇನು' ಅಂದ. ಅಂಥಾ ಕನ್ನಡ ನಾ ಮೊದಲನೇ ಸಲ ಕೇಳಿದ್ದು. ಪುಸ್ತಕ ಮಾತಾಡಿಧಾಂಗ ಆತು. ಓಡಿ ಹೋಗಿ ನೀರ ತಂದು ಕೊಟ್ಟೆ."

ಮಾಮಾ ಹೇಳುತ್ತಿದ್ದುದರಲ್ಲಿ ಅರ್ಧ ಪಾಲು ಗಾಳಿ. ಆದರೆ ಆ 'ಇದೆ'ಯನ್ನು ಅವನು ಕಟ್ಟಿ ಹೇಳಿರಲಾರ ಎಂದು ನನಗೆ ಈಗಲೂ ಅನಿಸುತ್ತದೆ. ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ: ನಿರ್ದೇಶಕರು ವೈ.ವಿ. ರಾವ್, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ನಾಯ್ಡು, ರಾಯರು ಇಬ್ಬರೂ ನಾಟಕದಿಂದ ಹೋದವರು, ಮೈಸೂರು ಸೀಮೆಯ ಕನ್ನಡದವರು. ಎರಡು ತಿಂಗಳಲ್ಲಿ ಕೆಲಸ ಮುಗಿಸಿ, 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆ ಮಾಡಿದರು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಮಾಮಾನ ರಾಕ್ಷಸನನ್ನು ಹುಡುಕಿ ನೋಡೋಣವೆಂದರೆ ಸಿನಿಮಾನೇ ಇಲ್ಲ.

ಮಾಸ್ತರರು ತಾತ್ಯಾನ ಚಪ್ಪಲಿ ಎತ್ತಿ ಬೆಂಕಿಯ ಬೆಳಕಿಗೆ ಹಿಡಿದರು. "ಚಪ್ಪಲಿ ನಮ್ಮದು, ಹೆಸರು ಕೊಲ್ಲಾಪುರದ್ದು. ಸಿನಿಮಾ ನಮ್ಮದು, ಸ್ಟುಡಿಯೋ ಕೊಲ್ಲಾಪುರದ್ದು. ಲೆಕ್ಕ ಚುಕ್ತಾ."

ಅಲ್ಲಿಂದ ಮಾತು ಎಲ್ಲಿಗೆಲ್ಲ ಹೋಯಿತು! ಎರಡು ವರ್ಷದ ಹಿಂದೆ ಬಂದಿದ್ದ 'ಭೂತಯ್ಯನ ಮಗ ಅಯ್ಯು'ವಿನ ಲೋಕೇಶ್ ಅದೇ ಸುಬ್ಬಯ್ಯ ನಾಯ್ಡು ಅವರ ಮಗ ಎಂದು ಮಾಸ್ತರರು. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಸಿನಿಮಾ ಆದ ಮೇಲೆ ರಾಜಕುಮಾರರ ಎಮ್ಮೆ ಹಾಡು ಬರದ ಊರಿಲ್ಲ, ಆದರೆ ಅದನ್ನು ಕಂಪನಿ ನಾಟಕವಾಗಿ ನೋಡಿದವರಿಗೇ ಅದರ ರುಚಿ ಗೊತ್ತು ಎಂದು ಕಾಕಾ. ದಾದಾ ಕೋಂಡಕೆಯ 'ಪಾಂಡು ಹವಾಲ್ದಾರ್'ಗೆ ಹೆಂಡತಿಯನ್ನು ಬಿಟ್ಟು ಒಬ್ಬನೇ ಹೋಗಿದ್ದ ಮಾಮಾ, ಮಧ್ಯಂತರದಲ್ಲಿ ದೀಪ ಹತ್ತಿದಾಗ ಹಿಂದಿನ ಸಾಲಿನಲ್ಲೇ ಅವಳನ್ನು ಕಂಡ ಕಥೆ. ಕನ್ನಡದಲ್ಲಿ ಶುರುವಾದ ವಾಕ್ಯ ಮರಾಠಿಯಲ್ಲಿ ಮುಗಿಯುತ್ತಿತ್ತು. ಯಾರೂ ಅದನ್ನು ಗಮನಿಸುತ್ತಿರಲಿಲ್ಲ.

ಕೊಪ್ಪರಿಗೆಯಲ್ಲಿ ನೊರೆ ಇನ್ನೂ ದೊಡ್ಡದಿತ್ತು.

"ಭಾಮಾ" ಅಂದರು ತಾತ್ಯಾ, ಒಮ್ಮೆಲೆ. "ಮೀಸಿ ಇದ್ರೇನಾತು? ತೋರ್ಸು ನೋಡೂಣು."

ಭಾಮಾ ಕಾಕಾ ಒಲ್ಲೆ ಅಂದರು, ಸೊಂಟ ನೋವು ಅಂದರು, ಹಾರ್ಮೋನಿಯಂ ಇಲ್ಲ ಅಂದರು. ಆಮೇಲೆ ಎದ್ದು ನಿಂತರು. ಬೀಡಿ ಒಲೆಗೆಸೆದರು. ಕಂಬಳಿ ಕೆಳಗಿಟ್ಟು, ಮಾಸ್ತರರ ಬಿಳಿ ಟವೆಲನ್ನು ತಲೆಯ ಮೇಲೆ ಹೊದ್ದು, ಒಂದು ಚುಂಗನ್ನು ಎಡಗೈ ಬೆರಳಿಗೆ ಸುತ್ತಿಕೊಂಡರು. ಅಷ್ಟೇ. ಆ ಬೆರಳಿಗೆ ಸುತ್ತಿದ ರೀತಿಯಲ್ಲೇ ಹೆಣ್ಣು ಬಂದುಬಿಟ್ಟಿತ್ತು.

ಅಪರಾಳ ತಮ್ಮಣ್ಣ ಬರೆದು ಕುಲಗೋಡ ತಮ್ಮಣ್ಣ ಬೆಳೆಸಿದ ಆಟ ಅದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ. ಸುದ್ದಿ ಭಾಮೆಗೆ ಮುಟ್ಟಿತು. ಆಡುವವರು ಪದ ಹಾಡಿ, ಆಮೇಲೆ ಭಾಗವತ ಕೇಳಿದ್ದಕ್ಕೆಲ್ಲ ಮಾತಿನಲ್ಲಿ ಉತ್ತರ ಕೊಡಬೇಕು. ಮಾಸ್ತರರು ಭಾಗವತರಾದರು. ಕೊಡಪಾನ ಮಗುಚಿ ಕಾಕಾ ತಾಳ ಹಿಡಿದ. ಮಾಮಾ ಕಂದೀಲು ಎತ್ತಿ, ಹಳೆಯ ಚಟದಂತೆ, ಬೆಳಕನ್ನು ಸರಿಯಾಗಿ ಮುಖಕ್ಕೆ ಬಿಟ್ಟ.

ದನಿ ಒಡೆದಿತ್ತು. ಮೇಲಿನ ಸ್ವರ ಸಿಗದ ಕಡೆಗೆಲ್ಲ ಭಾಮಾ ಕಾಕಾ ಕತ್ತು ಹೊರಳಿಸಿ ಸಿಟ್ಟು ತೋರಿಸಿ ದಾಟಿಸಿದರು. ಭಾಗವತರು "ಯಾಕವ್ವಾ, ಒಂದು ಹೂವಿಗೆ ಇಷ್ಟೇನ ಸಿಟ್ಟು?" ಅಂದಾಗ ಅವರು ಉತ್ತರ ಕೊಡಲಿಲ್ಲ. ಮೆಲ್ಲಗೆ ಕೆಳಗೆ ಕುಳಿತು, ನಮಗೆಲ್ಲ ಬೆನ್ನು ಮಾಡಿ, ಒಲೆಯ ಕಡೆಗೆ ಮುಖ ತಿರುಗಿಸಿದರು. ಎಷ್ಟೋ ಹೊತ್ತು ಹಾಗೇ. ಕಾಣುತ್ತಿದ್ದುದು ಬರೀ ಬೆನ್ನು. ಸಿಪ್ಪೆ ನೂಕುವ ಆಳೂ ಕೈ ಬಿಟ್ಟು ನಿಂತ. ಊಟ ಮುಗಿಸಿ ಬಂದ ಹದದ ಮುದುಕ ಬಾಗಿಲಲ್ಲೇ ನಿಂತ, ಕೈ ಇನ್ನೂ ಒದ್ದೆ.

ಕೃಷ್ಣ ಬರಬೇಕಿತ್ತು. ಕೃಷ್ಣ ಯಾರು? ಎಪ್ಪತ್ತರ ತಾತ್ಯಾ ಮೊಳಕಾಲು ಹಿಡಿದು ಎದ್ದರು. ಪಾರಿಜಾತದ ಒಂದು ಪದವೂ ಅವರಿಗೆ ಬರುತ್ತಿರಲಿಲ್ಲ. ಮರಾಠಿಯ ಯಾವುದೋ ನಾಟ್ಯಗೀತೆಯನ್ನು ಗುನುಗುತ್ತ, ಕರ್ರ್ ಕರ್ರ್ ಎಂದು ಚಪ್ಪಲಿ ಸದ್ದು ಮಾಡುತ್ತ ಭಾಮೆಯ ಹಿಂದೆ ಹೋಗಿ ನಿಂತರು.

ಆಗ ನೊರೆ ಸಣ್ಣದಾಯಿತು. ನಾನು ನೋಡಿದೆ. ಪುಸ್ ಪುಸ್ ಎಂದು ಒಡೆಯುವುದು ಕೇಳಿಸಿತು ಕೂಡ. ಒದರಬೇಕೆಂದು ಬಾಯಿ ತೆರೆದೆ. ಆದರೆ ಭಾಮೆ ಇನ್ನೂ ತಿರುಗಿರಲಿಲ್ಲ, ಕೃಷ್ಣ ಇನ್ನೂ ಬಗ್ಗಿರಲಿಲ್ಲ. ನಾನು ಒದರಿದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ತಾತ್ಯಾ ಬಗ್ಗಿದರು. ಭಾಮಾ ಕಾಕಾ ಟವೆಲಿನ ಮರೆಯಿಂದ ಒಂದೇ ಕಣ್ಣಿನಲ್ಲಿ ಹಿಂದಿರುಗಿ ನೋಡಿದರು. ಅಷ್ಟರಲ್ಲಿ ವಾಸನೆ ಎಲ್ಲರ ಮೂಗಿಗೂ ಬಡಿಯಿತು.

ಮುದುಕ "ಸತ್ತೆವಲ್ಲೊ!" ಎಂದು ಓಡಿ ಬಂದ. ಆರು ಜನ ಸೇರಿ ಕೊಪ್ಪರಿಗೆ ಇಳಿಸಿ ಮಗುಚುವಷ್ಟರಲ್ಲಿ ಪಾಕ ಕಪ್ಪಾಗಿತ್ತು. ಇಡೀ ಕೊಪ್ಪರಿಗೆ. ಕಾಕಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದನ್ನು ನೋಡಿದ, ಟವೆಲು ಹೊದ್ದೇ ನಿಂತಿದ್ದ ಭಾಮಾ ಕಾಕಾನನ್ನು ನೋಡಿದ. "ಹೋಗ್ಲಿ ಬಿಡ್ರಿ. ಕಂಪನಿ ನಾಟಕಕ್ಕ ಹ್ವಾದ್ರ ಟಿಕೀಟ ತಗೀತಿದ್ದಿಲ್ಲೇನು?" ಅಂದ. ಆಮೇಲೆ ಮುದುಕನ ಕಡೆ ತಿರುಗಿ, "ನೊರಿ ನೋಡಾಕ ಯಾರನ್ನ ಕುಂದರ್ಸಿದ್ದಿ?" ಎಂದು ಕೇಳಿದ. ಮುದುಕ ನನ್ನ ಕಡೆ ನೋಡಿ, "ನಾನ ಇದ್ದೆ ಅಣ್ಣಾ" ಅಂದ.

ಆ ಬೆಲ್ಲವನ್ನು ನಿಪ್ಪಾಣಿಯಲ್ಲೂ ಮುಟ್ಟಲಿಲ್ಲ, ಕೊಲ್ಲಾಪುರದ ಪೇಟೆಯಲ್ಲೂ ಮುಟ್ಟಲಿಲ್ಲ. ಹೋಳಿ ಹುಣ್ಣಿಮೆಯ ತನಕ ನಮ್ಮ ಎತ್ತುಗಳು ತಿಂದವು.