ಶಶಾಂಕನ ಕಲೆ

ಕಳೆದ ಹುಣ್ಣಿಮೆಯಂದು ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದಿದ್ದನು. ಈಗ ಅವನೂ ಉಪಾಧ್ಯಾಯನೆ. ಜಗಲಿಯಲ್ಲಿ ಕುಳಿತು ಚಂದ್ರನನ್ನು ನೋಡುತ್ತ, “ಅಲ್ಲಿ ಬೆಂಕಿಯಾರಿ 300 ಕೋಟಿ ವರ್ಷಗಳಾದುವೆಂದು ತಾವು ಹೇಳಿಕೊಟ್ಟುದನ್ನೇ ನಾನೂ ಮಕ್ಕಳಿಗೆ ಹೇಳುತ್ತಿದ್ದೇನೆ, ಗುರುಗಳೆ” ಎಂದನು. ಹಿಗ್ಗಬೇಕಾದಲ್ಲಿ ನಮಗೆ ನಾಚಿಕೆಯಾಯಿತು.

ಶಶಾಂಕನೆಂಬ ಹೆಸರಿಗೆ ಕಾರಣವಾದ ಆ ಕಲೆಗಳು ಮೊಲವೂ ಅಲ್ಲ, ಹಿಂದಿನ ಪಾಶ್ಚಾತ್ಯರು ಹೆಸರಿಟ್ಟಂತೆ ಸಮುದ್ರಗಳೂ ಅಲ್ಲ. ಆಕಾಶದಿಂದ ಬಂದೆರಗಿದ ಮಹಾಶಿಲೆಗಳು ತೋಡಿದ ಕುಳಿಗಳಲ್ಲಿ ಚಂದ್ರಗರ್ಭದ ಶಿಲಾರಸವು ಉಕ್ಕಿ ತುಂಬಿ, ತಣಿದು, ಕರಿಯ ಬಸಾಲ್ಟ್ ಕಲ್ಲಿನ ಬಯಲಾಯಿತು. ಆ ಕಲ್ಲಿನ ಭಾರಕ್ಕೆ ಬಯಲುಗಳು ನಡುವೆ ಕುಸಿದುವು; ನೆಲವು ಒತ್ತಿಕೊಂಡು, ಸೀರೆಯ ನಿರಿಗೆಗಳಂತೆ ಉದ್ದನೆಯ ದಿಣ್ಣೆಗಳೆದ್ದುವು.

1969ರಲ್ಲಿ ಅಪೊಲೊ 11ರ ಯಾತ್ರಿಕರು ಪ್ರಶಾಂತಸಾಗರವೆಂಬ ಬಯಲಿನಿಂದ ತಂದ ಕಲ್ಲುಗಳು 350 ಕೋಟಿ ವರ್ಷಗಳಿಗೂ ಹಳೆಯವು. ಅದನ್ನು ನಂಬಿಯೇ ನಾವು ಪಾಠ ಹೇಳಿದೆವು. ಆದರೆ 2020ರಲ್ಲಿ ಚೀನದ ಚಾಂಗ್-ಎ 5 ನೌಕೆಯು ಬಿರುಗಾಳಿಗಳ ಮಹಾಸಾಗರವೆಂಬ ಮತ್ತೊಂದು ಬಯಲಿನಿಂದ ಕಲ್ಲುಮಣ್ಣನ್ನು ತಂದಿತು. ಅದರಲ್ಲಿದ್ದ ಬಸಾಲ್ಟಿನ ವಯಸ್ಸು ಸುಮಾರು 200 ಕೋಟಿ ವರ್ಷ ಮಾತ್ರ. ನಾವು ಆರಿತೆಂದ ಬೆಂಕಿಯು ಮತ್ತೆ 100 ಕೋಟಿ ವರ್ಷ ಉರಿದಿತ್ತು!

ಇದನ್ನೆಲ್ಲ ಕೇಳಿ ಶಿಷ್ಯನು ಕ್ಷಣಕಾಲ ಸುಮ್ಮನಿದ್ದನು. ಬಳಿಕ, “ನಾಳೆಯೇ ಮಕ್ಕಳಿಗೆ ತಿದ್ದಿ ಹೇಳುತ್ತೇನೆ” ಎಂದನು.

“ನಮ್ಮ ಗುರುಗಳೇ ತಪ್ಪಿದ್ದರೆಂದೂ ಹೇಳಪ್ಪ” ಎಂದೆವು. ಗುರುವು ನಿವೃತ್ತನಾಗಬಹುದು, ಅವನು ಕಲಿಸಿದ ತಪ್ಪು ತಾನಾಗಿ ನಿವೃತ್ತವಾಗುವುದಿಲ್ಲ.