ನೀರಿನ ಸಮೇತ

ನಮ್ಮೂರು ಆನೆಗೊಂದಿ. ಮನೆ ಮುಂದೆ ತುಂಗಭದ್ರೆ, ಮೀನಿಗೇನೂ ಬರ ಇಲ್ಲ. ಆದ್ರೆ ನನಗೆ ಬೇಕಾಗಿದ್ದು ಸಮುದ್ರದ ಮೀನು. ಟ್ಯಾಂಕ್ ತಂದು, ಲೀಟರಿಗೆ ಸುಮಾರು 35 ಗ್ರಾಂ ಸೀ ಸಾಲ್ಟ್ ಕಲಸಿದೆ. ಅವ್ವ ನೋಡಿ, "ಹೊಳಿ ದಂಡಿಮ್ಯಾಲೆ ಕುಂತು ನೀರಿಗೆ ಉಪ್ಪು ಹಾಕಾಕತ್ತೀಯಲ್ಲೋ, ಹುಚ್ಚು ಹಿಡಿದೈತೇನು?" ಅಂದ್ಳು.

ಮೊದಲು ಬಂದಿದ್ದು ಒಂದು ಕ್ಲೌನ್ ಫಿಶ್. ಮನೆಯವರಿಗೆಲ್ಲ ಅದು ನೀಮೋ. ದಸರಾ ರಜೆಯಲ್ಲಿ, ಚಂದ ಕಾಣಲಿ ಅಂತ ಒಂದು ನೀಲಿ ಡ್ಯಾಮ್ಸೆಲ್ ಬಿಟ್ಟೆ. ಅದು ಜಾಗಕ್ಕಾಗಿ ಜಗಳ ಆಡೋ ಜಾತಿ ಅಂತ ಓದಿದ್ದೆ, ಆದ್ರೂ ಬಿಟ್ಟೆ. ಮೂರನೇ ದಿನ ನೀಮೋ ಬಾಲ ಹರಿದಿತ್ತು, ಪಕ್ಕೆಯಲ್ಲಿ ಗಾಯ.

ಗಾಬರಿಯಲ್ಲಿ ತಾಮ್ರದ ಔಷಧಿ ಬಾಟಲಿ ತೆಗೆದೆ. ಲೇಬಲ್ ಓದಿದ್ಮೇಲೆ ಗೊತ್ತಾಯ್ತು, ಅದು ಪರಾವಲಂಬಿಗಳಿಗೆ, ಗಾಯಕ್ಕಲ್ಲ. ಹಾಕಿದ್ರೆ ಟ್ಯಾಂಕಿನ ಬಸವನಹುಳುಗಳೂ ಸಾಯ್ತಿದ್ವು.

ಬಲೆ ಹಿಡಿದಾಗ ಅಜ್ಜ ತಡೆದ. ಅಜ್ಜ ಹರಿಗೋಲಿನಲ್ಲಿ ಮೀನು ಹಿಡಿದೇ ಬದುಕಿದವನು. "ಬಲಿನೂ ಬ್ಯಾಡ, ಕೈನೂ ಬ್ಯಾಡ. ಮೈಮ್ಯಾಲಿನ ಲೋಳಿ ಕಿತ್ತು ಹೋಗ್ತೈತಿ. ನೀರಿನ ಸಮೇತ ಎತ್ತು." ಚಂಬಿನಲ್ಲಿ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ ಬಕೆಟ್‌ಗೆ ಬಿಟ್ಟೆ. ಒಳಗೆ ಏರ್ ಪಂಪ್, ಅಡಗಿಕೊಳ್ಳೋಕೆ ಪೈಪ್ ತುಂಡು.

"ಚೂರು ಕಲ್ಲುಪ್ಪು ಹಾಕು" ಅಂದ ಅಜ್ಜ. ಹೊಳೆ ಮೀನಿಗಾದ್ರೆ ಸರಿ, ಗಾಯದಿಂದ ನೀರು ಮೈಯೊಳಗೆ ನುಗ್ಗುತ್ತೆ, ಉಪ್ಪು ಅದನ್ನ ಕಮ್ಮಿ ಮಾಡುತ್ತೆ. ಸಮುದ್ರದ ಮೀನಿಗೆ ಉಲ್ಟಾ, ಮೈಯ ನೀರೇ ಹೊರಗೆ ಹೋಗುತ್ತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಆಸ್ಮೋಸಿಸ್ ಅಜ್ಜನಿಗೆ ಹೇಳುವಾಗ ನನಗೇ ಮೊದಲ ಸಲ ಅರ್ಥ ಆಯ್ತು. ಅಜ್ಜ ಯೋಚಿಸಿ ಅಂದ, "ಅಂದ್ರ ನೀರಾಗಿದ್ದೂ ಅದಕ್ಕ ನೀರಡಿಕಿ." ನಿಜ, ಅದಕ್ಕೇ ಅವು ಸಮುದ್ರದ ನೀರು ಕುಡೀತಾವೆ.

ಆ ರಾತ್ರಿ ಕರೆಂಟ್ ಹೋಯ್ತು, ಪಂಪ್ ನಿಂತಿತು. ನೀರಿಗೆ ಗಾಳಿ ಸೇರಲಿ ಅಂತ ನಾನೂ ಅಜ್ಜನೂ ಸರದಿ ಮೇಲೆ ಲೋಟದಲ್ಲಿ ಎತ್ತಿ ಎತ್ತಿ ಸುರಿದ್ವಿ. ಮೀನು ಸತ್ರೆ ತಪ್ಪು ಡ್ಯಾಮ್ಸೆಲ್‌ದಲ್ಲ, ನಂದು ಅಂತ ಆಗ ಅನ್ನಿಸ್ತು.

ಬಕೆಟ್‌ನಲ್ಲಿ ಫಿಲ್ಟರ್ ಇಲ್ಲ, ಅಮೋನಿಯಾ ಸೇರುತ್ತೆ. ಹಾಗಾಗಿ ದಿನಾ ಸ್ವಲ್ಪ ನೀರು ಬದಲಾಯಿಸಿದೆ. ಬೇರೇನೂ ಮಾಡಲಿಲ್ಲ. ನಾಲ್ಕನೇ ದಿನ ನೀಮೋ ತಿಂತು. ಆಮೇಲೆ ಹರಿದ ಬಾಲದ ಅಂಚಲ್ಲಿ ಪ್ಲಾಸ್ಟಿಕ್ ಹಾಳೆಯಂಥ ತೆಳು ಚರ್ಮ ಕಾಣಿಸ್ತು.

ಡ್ಯಾಮ್ಸೆಲ್ ಅಂಗಡಿಗೆ ವಾಪಸ್ ಹೋಯ್ತು. ನಾನು ಹಾಸ್ಟೆಲ್‌ಗೆ ಬಂದೆ. ಟ್ಯಾಂಕಿನ ನೀರು ಇಳಿದಾಗ ಅಜ್ಜ ಸಿಹಿನೀರೇ ಹಾಕ್ತಾನೆ. ಆವಿಯಾಗೋದು ನೀರು ಮಾತ್ರ, ಉಪ್ಪಲ್ಲ ಅಂತ ಹೇಳಿಕೊಟ್ಟಿದ್ದೀನಿ. ಫೋನ್ ಮಾಡಿದಾಗ ಮೊದಲ ಮಾತು, "ನಿನ್ನ ಮೀನ ಉಂಡೈತಿ. ನೀ ಉಂಡಿಯೇನು?"